ಅತ್ತೆಯ ಪೊರೆ, ನನ್ನ ಹೊರೆ

ಅತ್ತೆಯವರಿಗೆ ಕಣ್ಣಿನ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ಸಂಜೆ, ಆಸ್ಪತ್ರೆಯಲ್ಲಿ ಅವರ ಜೊತೆಗಿರುವವರು ಯಾರು ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು. ಪ್ರಶ್ನೆಯ ಜೊತೆಗೇ ನಾನೂ ಎದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನಿದೀನಿ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈಗ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಹತ್ತು ದಿನ ಅತ್ತೇನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ಅವರ ಮಡಿ ಒಂದು ನೂಲೆಳೆಯಷ್ಟೂ ಕೆಡೋ ಹಾಗಿಲ್ಲ. ಕಣ್ಣು ಬರಿಸ್ಕೊಂಡೇ ಮನೆಗೆ ಕರ್ಕೊಂಡ್ ಬರ್ತೀನಿ. ನೀವು ನಿಶ್ಚಿಂತೆಯಾಗಿ ಆಫೀಸಿಗೆ ಹೋಗಿ ಬನ್ನಿ."

ನಮ್ಮವರು ಪೇಪರಿನಿಂದ ತಲೆ ಎತ್ತಿ, "ಅಡಿಗೆ?" ಎಂದರು.

ಅವರ ಹೆಸರನ್ನು ನಾನು ಹೇಳಬಾರದು. ಅತ್ತೆ ಕರೆಯುವ ಹಾಗೆ ವೆಂಕಟೂ ಎಂದಿಟ್ಟುಕೊಳ್ಳಿ. ಸರ್ಕಾರಿ ಕಚೇರಿಯ ಗುಮಾಸ್ತರು. ಫೈಲಿನ ಅಂಚಿನಲ್ಲಿ ಚುಟುಕು ಟಿಪ್ಪಣಿ ಬರೆದೂ ಬರೆದೂ ಮನೆಯಲ್ಲೂ ಅದೇ ಅಭ್ಯಾಸ.

"ಅಡಿಗೆ ನಾನೇ ಮಾಡ್ತೀನಿ. ಇನ್ಯಾರು ಮಾಡ್ತಾರೆ?"

"ಅದಕ್ಕೇ ಕೇಳಿದ್ದು" ಎಂದು ಅವರು ಮತ್ತೆ ಪೇಪರಿನೊಳಗೆ ಮುಳುಗಿದರು.

ಈ ಮಾತಿಗೊಂದು ಹಿನ್ನೆಲೆಯಿದೆ. ನಾನು ಮದುವೆಯಾಗಿ ತ್ಯಾಗರಾಜನಗರದ ಈ ಮನೆಗೆ ಬಂದು ಏಳು ವರ್ಷ. ಹೆಸರು ಸರಸು. ಇಂಟರ್‌ಮೀಡಿಯೆಟ್ ಪಾಸಾದವಳು, ಕಾದಂಬರಿ ಓದುವವಳು, ಹಾರ್ಮೋನಿಯಂ ಬಾರಿಸುವವಳು. ಆದರೆ ನನ್ನ ಸಾರಿಗೂ ಬಿಸಿನೀರಿಗೂ ಇರುವ ವ್ಯತ್ಯಾಸ ಬರೀ ಬಣ್ಣದ್ದು. ಅತ್ತೆ ಸೀತಮ್ಮನವರ ಸಾರಾದರೋ, ಒಗ್ಗರಣೆ ಬಿದ್ದರೆ ಮೂರನೆಯ ಮನೆಯವರು ತಟ್ಟೆ ಹಾಕಿಕೊಂಡು ಕೂರಬೇಕು. ಅಂಥವರ ಎರಡೂ ಕಣ್ಣಿಗೆ ಪೊರೆ ಬಂತು. ಬೆಳ್ಳಗೆ ಮಂಜು ಕವಿದ ಹಾಗಾಯಿತು. ಡಾಕ್ಟರು ಆಪರೇಷನ್ ಎಂದರೆ, "ಈ ವಯಸ್ಸಿನಲ್ಲಿ ನಾನೇನು ದಾರಕ್ಕೆ ಮುತ್ತು ಪೋಣಿಸಬೇಕಾ?" ಎಂದು ಎರಡು ವರ್ಷ ತಳ್ಳಿದರು.

ಕೊನೆಗೆ ಅವರನ್ನು ಒಪ್ಪಿಸಿದ್ದು ಡಾಕ್ಟರಲ್ಲ, ಸೀಗೆಪುಡಿ. ಒಂದು ದಿನ ನಾನು ತಲೆನೋವೆಂದು ಮಲಗಿದ್ದೆ. ಅತ್ತೆ ತಡವಿಕೊಂಡು ಅಡಿಗೆಮನೆಗೆ ಹೋಗಿ, ಸಾರಿನ ಪುಡಿಯ ಡಬ್ಬವೆಂದು ನಾನು ಅಲ್ಲೇ ಮರೆತಿಟ್ಟಿದ್ದ ಸೀಗೆಪುಡಿಯ ಡಬ್ಬಕ್ಕೆ ಕೈಹಾಕಿದರು. ಸಾರು ನೊರೆನೊರೆಯಾಗಿ ಕುದಿಯಿತು. ನಮ್ಮವರು ಎರಡು ತುತ್ತು ಉಂಡು, "ಇವತ್ತು ಸರಸು ಮಾಡಿದ್ದಾ?" ಎಂದರು.

ಸಂಜೆ ಅತ್ತೆ ದೇವರಿಗೆ ದೀಪ ಹಚ್ಚಿ ಬಂದು, "ವೆಂಕಟೂ, ಪೊರೆ ತೆಗೆಸಿಬಿಡೋಣ" ಎಂದರು. ಕುರುಡಾಗುವುದನ್ನಾದರೂ ಅವರು ಸಹಿಸುತ್ತಿದ್ದರೇನೋ. ತಮ್ಮ ಕೈಯಡಿಗೆಯನ್ನು ನನ್ನದೆಂದು ಹೇಳಿದ್ದನ್ನು ಸಹಿಸಲಾಗಲಿಲ್ಲ.

ಒಪ್ಪಿದ್ದೇನೋ ಒಪ್ಪಿದರು, ಒಂದು ಷರತ್ತು ಹಾಕಿದರು. "ಆಸ್ಪತ್ರೆ ಊಟ ನಾನು ಮುಟ್ಟಲ್ಲ. ಸರಸು ಸ್ನಾನ ಮಾಡಿ ಮಡಿಯಲ್ಲಿ ಬೇಯಿಸಿದ್ದು ಬಿಟ್ಟು ಬೇರೆ ಒಂದು ತೊಟ್ಟು ನೀರೂ ಬೇಡ. ರುಚಿ ಹೇಗಾದ್ರೂ ಇರಲಿ, ಮಡಿ ಆದ್ರೂ ಇರುತ್ತಲ್ಲ."

ಹೀಗೆ ಪೊರೆ ಅತ್ತೆಯದಾಯಿತು, ಹೊರೆ ನನ್ನದಾಯಿತು.

ಜಯನಗರದ ಹೊಸ ಬಡಾವಣೆಯಲ್ಲಿ, ಸುತ್ತ ಇನ್ನೂ ಖಾಲಿ ಸೈಟುಗಳೇ ಇದ್ದ ಕಡೆ, ಆ ಕಣ್ಣಿನಾಸ್ಪತ್ರೆ. ಹೊರಡುವ ದಿನ ನಾನು ಮನೆಯ ಮುಂದೆ ಗುಡ್ಡೆ ಹಾಕಿದ ಸಾಮಾನು ನೋಡಿ ಜಟಕಾದವನು, "ಮನೆ ಖಾಲಿ ಮಾಡ್ತಾ ಇದೀರಾ ಸ್ವಾಮಿ?" ಎಂದು ನಮ್ಮವರನ್ನು ಕೇಳಿದ. ಅಕ್ಕಿ, ಬೇಳೆ, ಪುಡಿಗಳ ಡಬ್ಬಗಳು, ಎರಡು ಹಿತ್ತಾಳೆ ಪಾತ್ರೆ, ನೀರಿಗೆ ತಾಮ್ರದ ಕೊಡ, ನನ್ನ ತವರಿನವರು ಕೊಟ್ಟ ಹೊಚ್ಚ ಹೊಸ ಸೀಮೆಎಣ್ಣೆ ಪಂಪ್ ಸ್ಟವ್, ಮಡಿ ಸೀರೆ, ಆ ಸೀರೆಯನ್ನು ಯಾರೂ ಮುಟ್ಟದಂತೆ ಎತ್ತರದಲ್ಲಿ ಒಣಹಾಕಲು ಒಂದು ಉದ್ದನೆಯ ಕೋಲು. ಕೋಲು ಜಟಕಾದ ಮುಂದಿನಿಂದ ನುಗ್ಗಿ ಹಿಂದಿನಿಂದ ಹೊರಬಂತು. ಸೌತ್ ಎಂಡ್ ದಾಟುವ ತನಕ ಎದುರು ಬಂದ ಸೈಕಲ್ಲಿನವರೆಲ್ಲ ಇಳಿದು ನಮಗೆ ದಾರಿ ಬಿಟ್ಟರು. ನಮ್ಮವರು ಜಾಗವಿಲ್ಲದೆ ಹಿಂದೆ ನಡೆದುಕೊಂಡು ಬಂದರು. ದಂಡಯಾತ್ರೆಗೆ ಹೊರಟ ರಾಣಿಯಂತೆ ನಾನು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಹೆಂಗಸರ ವಾರ್ಡಿನ ನರ್ಸು ಜಯದೇವಿಯವರು ನನ್ನ ದಂಡನ್ನು ಬಾಗಿಲಲ್ಲೇ ತಡೆದರು. ಅಡಿಗೆ ಮಾಡುವವರಿಗೆ ಹಿತ್ತಲಲ್ಲಿ ತಗಡಿನ ಷೆಡ್ಡಿದೆ, ಗಂಡಸರು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಬರಬಹುದು, ಕೋಲು ಒಳಗೆ ಬರುವಂತಿಲ್ಲ ಎಂದರು. ಆಮೇಲೆ ಡಾಕ್ಟರ್ ಪರಮಶಿವಯ್ಯನವರು ಬಂದು ಉಳಿದ ನಿಯಮ ಹೇಳಿದರು. ಅವರು ಮೆಲ್ಲಗೆ ಮಾತಾಡುವವರು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಆಪರೇಷನ್ ಬಲಗಣ್ಣಿಗಾದ್ರೂ ಎರಡೂ ಕಣ್ಣು ಕಟ್ಟಿರ್ತೀವಿ. ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಡ್ತೀವಿ. ತಲೆ ಅಲ್ಲಾಡಬಾರದು. ಕೆಮ್ಮಬಾರದು, ಸೀನಬಾರದು, ನಗಬಾರದು. ಅಗಿದು ತಿನ್ನೋದು ಏನೂ ಬೇಡ. ಹೊಲಿಗೆ ಬಿಚ್ಚಿದ್ರೆ ಕಣ್ಣು ಹೋದ ಹಾಗೆ. ಮನಸ್ಸಿಗೆ ಗಾಬರಿ ಆಗೋ ಅಂಥದ್ದೂ ಏನೂ ಹೇಳ್ಬೇಡಿ."

"ಮಾತಾಡಬಹುದಾ?" ಎಂದು ಅತ್ತೆ ಕೇಳಿದರು.

"ಕಡಿಮೆ."

ಪಕ್ಕದ ಮಂಚಕ್ಕೆ ಅದೇ ದಿನ ಸೇರಿದವರು ಸುಬ್ರಹ್ಮಣ್ಯಪುರದ ಒಕ್ಕಲು ಮನೆಯ ಅಜ್ಜಿ ಮಂಗಮ್ಮ. ಜೊತೆಗೆ ಬಂದಿದ್ದವರು ಅವರ ಮಗಳು ಅಕ್ಕಯಮ್ಮ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಎತ್ತರದ ಆಳು, ಕೈಯಲ್ಲಿ ದಪ್ಪನೆಯ ಬೆಳ್ಳಿ ಬಳೆ. ಅವರು ತಂದದ್ದು ಎರಡು ಮಡಕೆ, ಒಂದು ಚೀಲ ರಾಗಿ ಹಿಟ್ಟು, ಒಂದು ಬುಟ್ಟಿ ಸೊಪ್ಪು. ಷೆಡ್ಡಿನಲ್ಲಿ ಮೂರು ಕಲ್ಲು ಹೂಡಿ ಸೌದೆ ಒಟ್ಟಿ ಐದು ನಿಮಿಷದಲ್ಲಿ ಒಲೆ ಹಚ್ಚಿದರು. ನಾನು ನನ್ನ ಪಂಪ್ ಸ್ಟವ್ವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟು ಒರೆಸಿದೆ.

"ಇದುಕ್ಕೆ ಸೌದೆ ಬ್ಯಾಡ್ವಾ?" ಎಂದು ಅಕ್ಕಯಮ್ಮ ಕೇಳಿದರು.

"ಏನೂ ಬೇಡ. ಪಂಪ್ ಹೊಡೆದರೆ ಸಾಕು" ಎಂದೆ, ನಾನೇ ಕಂಡುಹಿಡಿದವಳ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಆಪರೇಷನ್. ಒಳಗೆ ಕರೆದೊಯ್ಯುವ ಮುಂಚೆ ಅತ್ತೆ ನನ್ನ ಕೈಯನ್ನು ತಡವಿ ಹಿಡಿದುಕೊಂಡರು. ಏಳು ವರ್ಷದಲ್ಲಿ ಅವರು ಹಾಗೆ ಹಿಡಿದದ್ದು ನೆನಪಿಲ್ಲ. ಕೈ ತಣ್ಣಗಿತ್ತು.

"ಸರಸೂ, ಕಣ್ಣು ಬರದೇ ಹೋದ್ರೆ ದಿನಾ ನನ್ನ ಅಡಿಗೆಮನೆ ತನಕ ಕರ್ಕೊಂಡು ಹೋಗ್ತಿರು. ಒಲೆ ಹತ್ರ ಸುಮ್ನೆ ಕೂತ್ಕೊಂಡಿರ್ತೀನಿ. ನಿಂಗೆ ಅಡ್ಡ ಬರಲ್ಲ."

ಅವರನ್ನು ಒಳಗೆ ಕರೆದೊಯ್ದರು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ನನಗೆ ಬರುವ ದೇವರ ನಾಮಗಳನ್ನೆಲ್ಲ ಹೇಳಿಕೊಂಡೆ, ಅರ್ಧ ಬರುವವನ್ನೂ ಬಿಡಲಿಲ್ಲ. ಅತ್ತೆ ಹೊರಬಂದಾಗ ಎರಡೂ ಕಣ್ಣಿಗೆ ಬಿಳಿ ಪಟ್ಟಿ. ಮಂಚದ ಮೇಲೆ ಮಲಗಿಸಿ ಕೆನ್ನೆಯ ಎರಡು ಬದಿಗೂ ಮರಳು ಚೀಲ ಒತ್ತಿಟ್ಟರು. "ಚೆನ್ನಾಗಿ ಆಗಿದೆ" ಎಂದರು ಡಾಕ್ಟರು. "ಇನ್ನು ಮೇಲಿನದು ನಿಮ್ಮ ಕೈಲಿದೆ."

ನನ್ನ ಕೈ ಆ ಹೊತ್ತಿಗೆ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಗಂಜಿ ಮಾಡಬೇಕು. ಸ್ನಾನ ಮಾಡಿ, ಒದ್ದೆ ಸೀರೆ ಉಟ್ಟು, ಷೆಡ್ಡಿಗೆ ಬಂದು ಸ್ಟವ್ ಹಚ್ಚಿದೆ. ಅದು ಒಂದು ಸಲ ಬುಸ್ ಎಂದಿತು, ಒಂದು ಸಲ ಕೆಮ್ಮಿತು, ಸುಮ್ಮನಾಯಿತು. ಪಿನ್ನು ಹಾಕಿ ತೂತು ಚುಚ್ಚಿದೆ. ಪಂಪ್ ಹೊಡೆದೆ. ಸಾಲದೆಂದು ಇನ್ನೂ ಹೊಡೆದೆ. ಷೆಡ್ಡಿನಲ್ಲಿದ್ದವರೆಲ್ಲ ತಮ್ಮ ಅಡಿಗೆ ಬಿಟ್ಟು ನನ್ನನ್ನೇ ನೋಡುತ್ತಿದ್ದುದರಿಂದ ಮಾನಕ್ಕಾಗಿ ಮತ್ತಷ್ಟು ಹೊಡೆದೆ. ನೋಡುತ್ತಿದ್ದ ಹಾಗೇ ಸ್ಟವ್ವಿನ ಬುಡದಿಂದ ಎಣ್ಣೆ ಚಿಮ್ಮಿ ಆಳೆತ್ತರದ ಉರಿ ಎದ್ದಿತು. ಗಂಜಿಯ ಪಾತ್ರೆಯನ್ನಾದರೂ ಉಳಿಸೋಣವೆಂದು ಬಲಗೈ ಚಾಚಿದೆ. ಆ ಬುದ್ಧಿ ಎಲ್ಲಿಂದ ಬಂತೋ ತಿಳಿಯದು.

ಆಮೇಲೆ ನಡೆದದ್ದು ಇಷ್ಟು: ಯಾರೋ ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ಒಂದು ಒದ್ದೆ ಗೋಣಿಚೀಲ ಸ್ಟವ್ವಿನ ಮೇಲೆ ಬಿತ್ತು. ಉರಿ ಆರಿತು. ಅಕ್ಕಯಮ್ಮ ನನ್ನ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿ ಹಿಡಿದುಕೊಂಡಿದ್ದರು. "ಒದ್ದೆ ಸೀರೆ ನಿನ್ನ ಉಳ್ಸ್ತು ಕಣಮ್ಮ. ಇಲ್ದಿದ್ರೆ ನಿಮ್ಮತ್ತೆ ಪಕ್ದಲ್ಲಿ ನಿಂಗೂ ಒಂದು ಮಂಚ ಹಾಕ್ಬೇಕಿತ್ತು" ಎಂದರು.

ಜಯದೇವಿ ಸಿಸ್ಟರು ಬೈದುಕೊಂಡೇ ನನ್ನ ಬಲಗೈಗೆ ಮುಲಾಮು ಸವರಿ ಬೆರಳುಗಳನ್ನೆಲ್ಲ ಸೇರಿಸಿ ಪಟ್ಟಿ ಸುತ್ತಿದರು. ವಾರ ಪೂರ್ತಿ ನೀರು, ಬೆಂಕಿ ಎರಡೂ ಮುಟ್ಟಕೂಡದೆಂದರು. ಅತ್ತೆಗೆ ಕಣ್ಣುಪಟ್ಟಿ, ಸೊಸೆಗೆ ಕೈಪಟ್ಟಿ. ಒಂದೇ ಮನೆಯವರೆಂದು ಹೊಸಬರೂ ಗುರುತಿಸಬಹುದಿತ್ತು.

ಈಗ ಊಟದ ಗತಿ ಏನು? ಕೈ ಸುಟ್ಟಿತೆಂದು ಹೇಳಿದರೆ ಅತ್ತೆ ಗಾಬರಿಯಾಗಿ ಏಳಲು ನೋಡುತ್ತಾರೆ, ಹೊಲಿಗೆ ಹೋಗುತ್ತದೆ. ಆಸ್ಪತ್ರೆಯ ಬ್ರೆಡ್ಡು ಹಾಲು ಕೊಟ್ಟರೆ ಬಾಯಿ ತೆರೆಯುವುದಿಲ್ಲ, ಉಪವಾಸ ಬೀಳುತ್ತಾರೆ. ನಮ್ಮವರು ನಾಲ್ಕು ಗಂಟೆಗೆ ಬರುತ್ತಾರೆ. ಬಂದರೂ ಅವರಿಗೆ ನೀರು ಕಾಯಿಸುವುದಕ್ಕೂ ಮೇಲಿನಿಂದ ಆರ್ಡರ್ ಬರಬೇಕು. ಷೆಡ್ಡಿನ ಕಂಬಕ್ಕೊರಗಿ ನಾನು ಅಳುವುದಕ್ಕೆ ಶುರುಮಾಡಿದೆ.

ಅಕ್ಕಯಮ್ಮ ಸೊಪ್ಪು ಬಸಿಯುತ್ತ ನನ್ನನ್ನೇ ನೋಡಿದರು.

"ನಾನ್ ಮಾಡ್ಕೊಡ್ತೀನಿ. ಅನ್ನ ಮೆತ್ತಗೆ ಬೇಯ್ಸಿ, ಬಸ್ಸಾರಿನ ತಿಳಿ ಹಾಕಿ ಕಲ್ಸಿದ್ರೆ ಅಗಿಯೋದೇ ಬ್ಯಾಡ, ಇಳ್ಕೊಂಡು ಓಗುತ್ತೆ. ಆದ್ರೆ ನಮ್ ಕೈದು ನಿಮ್ಮತ್ತೆ ಉಣ್ತಾರಾ?"

ನಾನು ತಲೆ ತಗ್ಗಿಸಿದೆ. "ಅವರಿಗೆ ಕಾಣಲ್ಲವಲ್ಲ" ಎಂದೆ.

ಆ ಮಾತು ಆಡಿದ ಮೇಲೆ ನನಗೇ ನಾಚಿಕೆಯಾಯಿತು. ಅಕ್ಕಯಮ್ಮನ ಮುಖ ಒಂದು ಕ್ಷಣ ಬಿಗಿಯಿತು. ಆಮೇಲೆ ಸೌಟು ತೊಳೆಯುತ್ತ, "ನಾನಾಗಿ ಬಾಯ್ ಬಿಡಲ್ಲ. ಆಯಮ್ಮ ಕೇಳಿದ್ರೆ ಮಾತ್ರ ಸುಳ್ ಏಳಲ್ಲ ನೋಡು" ಎಂದರು. ಅತ್ತೆ ಯಾಕೆ ಕೇಳುತ್ತಾರೆ ಎಂದು ನಾನು ಧೈರ್ಯ ತಂದುಕೊಂಡೆ. ಒಂದೇ ಒಂದು ವಿನಂತಿ ಮಾಡಿದೆ: ಈರುಳ್ಳಿ, ಬೆಳ್ಳುಳ್ಳಿ ಬೇಡ.

"ಬೆಳ್ಳುಳ್ಳಿ ಇಲ್ದ್ ಬಸ್ಸಾರಾ?" ಎಂದು ಅವರು ನಿಟ್ಟುಸಿರಿಟ್ಟರು. "ಆಗ್ಲಿ, ಕಣ್ಣಿನ್ ಇಸ್ಯ."

ಅಡಿಗೆಯೇನೋ ಆಯಿತು, ಉಣಿಸುವುದು ಹೇಗೆ? ಎಡಗೈಯಲ್ಲಿ ಚಮಚ ಹಿಡಿದು ಮೊದಲ ತುತ್ತು ಕೊಟ್ಟೆ. ಅದು ಅತ್ತೆಯ ಗಲ್ಲದ ಮೇಲೆ ಇಳಿದು ಕುತ್ತಿಗೆಗೆ ಹೋಯಿತು. ಅತ್ತೆ ಕೊಸರಿಕೊಂಡರು. ಅಕ್ಕಯಮ್ಮ ಮಾತಿಲ್ಲದೆ ಚಮಚ ತೆಗೆದುಕೊಂಡು, ಇನ್ನೊಂದು ಕೈಯಿಂದ ಅತ್ತೆಯ ಹಣೆಯನ್ನು ಮೆಲ್ಲಗೆ ಒತ್ತಿ ಹಿಡಿದರು. ಅಷ್ಟರಲ್ಲಿ ಅವರ ಬೆಳ್ಳಿ ಬಳೆ ತಟ್ಟೆಗೆ ತಗಲಿ ಠಣ್ ಎಂದಿತು. ನನ್ನದು ಗಾಜಿನ ಬಳೆ. ಅತ್ತೆಯ ಹುಬ್ಬು ಪಟ್ಟಿಯ ಅಡಿಯಲ್ಲೇ ಮೇಲೆ ಹೋಯಿತು.

ನನಗೆ ತಟ್ಟನೆ ಉಪಾಯ ಹೊಳೆಯಿತು. ಅಕ್ಕಯಮ್ಮ ಬೆಳ್ಳಿ ಬಳೆಯನ್ನು ಮೊಣಕೈಗೇರಿಸಿದರು. ನಾನು ಅವರ ಭುಜಕ್ಕೆ ಅಂಟಿಕೊಂಡು ನಿಂತು, ಅವರ ಕೈ ತಟ್ಟೆಗೆ ಹೋದಾಗಲೆಲ್ಲ ನನ್ನ ಎಡಗೈಯ ಗಾಜಿನ ಬಳೆಗಳನ್ನು ಅಲ್ಲಾಡಿಸಿದೆ. ಮಾತು ನನ್ನದು, ಕೈ ಅವರದು.

"ಬಾಯಿ ತೆಗೀರಿ ಅತ್ತೆ" ಎನ್ನುತ್ತೇನೆ, ಬಳೆ ಗಲಗಲ. ಚಮಚ ಬಾಯಿಗೆ ಹೋಗುತ್ತದೆ. "ಬಿಸಿ ಇದೆಯಾ ಅತ್ತೆ?" ಎನ್ನುತ್ತೇನೆ, ಮತ್ತೆ ಗಲಗಲ. ಒಂದು ಸಲ ಅಕ್ಕಯಮ್ಮ ಸೊಳ್ಳೆ ಹೊಡೆದುಕೊಳ್ಳಲು ಕೈ ಎತ್ತಿದರೂ ನಾನು ಬಳೆ ಅಲ್ಲಾಡಿಸಿಬಿಟ್ಟೆ. ಸುತ್ತಲ ಮಂಚದವರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರು. ಪಟ್ಟಿ ಕಟ್ಟಿಸಿಕೊಂಡವರು ಮಾತ್ರ, "ಏನದು, ಏನಾಗ್ತಿದೆ?" ಎಂದು ಕೇಳುತ್ತಿದ್ದರು.

ತಟ್ಟೆ ಖಾಲಿಯಾಯಿತು. ಅತ್ತೆ, "ಸರಸೂ, ಇನ್ನೊಂಚೂರು ಹಾಕು" ಎಂದರು.

ಏಳು ವರ್ಷದಲ್ಲಿ ಅವರು ನನ್ನ ಬಳಿ ಎರಡನೆಯ ಸಲ ಹಾಕು ಎಂದದ್ದು ಅದೇ ಮೊದಲು. ನನಗೆ ಸಂತೋಷಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ. ಎರಡನ್ನೂ ಪಟ್ಟೆ.

ಸಂಜೆ ನಮ್ಮವರು ಬಂದಾಗ ಬಾಗಿಲಲ್ಲೇ ತಡೆದು, ಕೈಪಟ್ಟಿ ತೋರಿಸಿ, ಎಲ್ಲವನ್ನೂ ಪಿಸುಗುಟ್ಟಿದೆ. ಅವರ ಮುಖದಲ್ಲಿ ಗಾಬರಿ ಕಂಡಿತು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಾತ್ರೆಯಲ್ಲಿ ಉಳಿದಿದ್ದ ಅನ್ನವನ್ನು ಗೋಡೆಗೆ ಮುಖಮಾಡಿ ನಿಂತು ತಿಂದು ಮುಗಿಸಿ, "ಮುಂದುವರಿಸಬಹುದು" ಎಂದರು.

ಮುಂದುವರಿಯಿತು. ದಿನಕ್ಕೆರಡು ಹೊತ್ತು ನಮ್ಮ ನಾಟಕ. ಎರಡು ಮೂರು ದಿನದಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಅಕ್ಕಯಮ್ಮನಿಗೇ ಹುಕುಂ ಮಾಡತೊಡಗಿದೆ. ಅತ್ತೆಯಾದರೋ, "ಇವತ್ತು ಹುರುಳಿ ಸಾರು ಮಾಡ್ತೀಯಾ ಸರಸು?", "ನಿನ್ನೆ ಸೊಪ್ಪು ಯಾವುದು ಹಾಕಿದ್ದೆ?" ಎಂದು ಕೇಳುವರು. ನಾನು ಅಕ್ಕಯಮ್ಮನ ಮುಖ ನೋಡುವೆ. ಅವರು ತುಟಿಯಲ್ಲೇ, "ದಂಟು" ಎನ್ನುವರು. "ದಂಟಿನ ಸೊಪ್ಪು ಅತ್ತೆ, ಎಳೇದು ಸಿಕ್ತು" ಎಂದು ನಾನು ಬೀಗುವೆ. "ಕೈ ಹದ ಬಂತು ನೋಡು ನಿಂಗೆ" ಎಂದು ಅತ್ತೆ ಹೊಗಳುವರು. ಆ ಹೊಗಳಿಕೆಗೆ ನಾನು ನಾಚಿಕೊಳ್ಳುವುದು ಬೇರೆ.

ಐದನೆಯ ದಿನ ಅನಾಹುತವಾಯಿತು. ಅಕ್ಕಯಮ್ಮನನ್ನು ನೋಡಲು ಊರಿನಿಂದ ಯಾರೋ ಬಂದು, ಮಾತಿನ ಭರದಲ್ಲಿ ಅವರ ಕೈ ಅಭ್ಯಾಸದಂತೆ ಒಗ್ಗರಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿಬಿಟ್ಟಿತು. ನನಗೆ ತಿಳಿದದ್ದು ತಟ್ಟೆ ಮಂಚದ ಬಳಿಗೆ ಬಂದ ಮೇಲೆ. ಆ ಘಮ ವಾರ್ಡಿನ ಆ ತುದಿಯ ತನಕ ಹೋಯಿತು. ಬೆಳ್ಳುಳ್ಳಿಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಅತ್ತೆ ಮೊದಲ ಚಮಚ ಬಾಯಿಗಿಟ್ಟುಕೊಂಡವರು ಬಾಯಾಡಿಸುವುದನ್ನೇ ನಿಲ್ಲಿಸಿಬಿಟ್ಟರು. ನನ್ನ ಬಳೆಯೂ ನಿಂತಿತು.

"ಏನೇ ಇದು ವಾಸನೆ?"

"ಔಷಧಿದು ಅತ್ತೆ" ಎಂದೆ. "ಪಕ್ಕದ ಮಂಚದವರಿಗೆ ಏನೋ ಹಚ್ಚಿದಾರೆ."

ಅತ್ತೆ ನುಂಗಿದರು.

"ಒಳ್ಳೇ ಔಷಧಿ. ಇನ್ನೊಂದು ಚಮಚ ಹಾಕು" ಎಂದರು.

ದೇವರು ದೊಡ್ಡವನು, ಅತ್ತೆಗೆ ಏನೂ ತಿಳಿಯಲಿಲ್ಲ ಎಂದು ನಾನು ಹಿತ್ತಲಿಗೆ ಹೋಗಿ ಕೈಮುಗಿದೆ, ಪಟ್ಟಿಯ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ.

ಒಂಬತ್ತನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನನ್ನ ಕೈಪಟ್ಟಿ ಹಿಂದಿನ ದಿನವೇ ಬಿಚ್ಚಿಯಾಗಿತ್ತು. ಬೆರಳ ಮೇಲೆ ಹೊಸ ಚರ್ಮ ಗುಲಾಬಿಯಾಗಿತ್ತು. ನಮ್ಮವರು ರಜೆ ಹಾಕಿ ಬಂದಿದ್ದರು. ಆ ದಿನ ಮಾತ್ರ ಗಂಡಸರಿಗೆ ಬೆಳಿಗ್ಗೆಯೇ ಬಿಟ್ಟರು. ಡಾಕ್ಟರು ಪರದೆ ಎಳೆದು ಬೆಳಕು ಕಡಿಮೆ ಮಾಡಿ, ಅತ್ತೆಯ ಬಲಗಣ್ಣಿನ ಮುಂದೆ ದಪ್ಪನೆಯ ಗಾಜೊಂದನ್ನು ಹಿಡಿದು, ತಮ್ಮ ಕೈ ಎತ್ತಿದರು. "ಎಷ್ಟು ಬೆರಳು?"

ನಮ್ಮವರ ಕೈ ನನ್ನ ಭುಜವನ್ನು ಹಿಂಡುತ್ತಿತ್ತು.

"ಮೂರು" ಎಂದರು ಅತ್ತೆ. ಸ್ವಲ್ಪ ತಡೆದು, "ಉಗುರು ಕತ್ತರಿಸ್ಕೊಳ್ಳಿ ಡಾಕ್ಟ್ರೇ" ಎಂದರು.

ನಮ್ಮವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ಮುಚ್ಚುಮರೆಯಿಲ್ಲದೆ ಅತ್ತೆ. ಅತ್ತೆ ಮಾತ್ರ ಅಳಲಿಲ್ಲ. ಮುಖ ಮೆಲ್ಲಗೆ ತಿರುಗಿಸಿ, ನನ್ನನ್ನು ದಾಟಿ, ಪಕ್ಕದ ಮಂಚದ ಬಳಿ ನಿಂತಿದ್ದವರನ್ನು ನೋಡಿದರು.

"ನೀನೇ ಏನಮ್ಮ ಅಕ್ಕಯಮ್ಮ? ನಿನ್ನ ಧ್ವನಿ ಕೇಳಿ ಇನ್ನೂ ದಪ್ಪಗಿದೀಯ ಅಂದ್ಕೊಂಡಿದ್ದೆ. ಈ ಎಂಟು ದಿನ ನೀನು ಉಣಿಸಿದ ಅನ್ನ ನಂಗೆ ಮೈಗೆ ಹತ್ತಿದೆ ನೋಡು."

ನಾನು ಕಾಲ ಕೆಳಗೆ ನೆಲ ಹುಡುಕಿದೆ. "ನಿಮಗೆ... ಯಾವಾಗ ಗೊತ್ತಾಯ್ತು ಅತ್ತೆ?"

"ಮೊದಲನೇ ತುತ್ತಿಗೇ. ಡಾಕ್ಟ್ರು ಕಟ್ಟಿದ್ದು ಕಣ್ಣು, ನಾಲಿಗೆ ಅಲ್ಲ. ಏಳು ವರ್ಷದಿಂದ ನಿನ್ನ ಸಾರು ಉಣ್ತಿದೀನಿ. ಒಂದೇ ದಿನಕ್ಕೆ ಅದಕ್ಕೆ ರುಚಿ ಬಂದ್ರೆ ಯಾರಿಗಾದ್ರೂ ಅನುಮಾನ ಬರಲ್ವಾ? ಅವತ್ತೇ ನೀನು ಹಿತ್ತಲಿಗೆ ಹೋದಾಗ ಇವಳನ್ನ ಕೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದ್ಲು."

"ಕೇಳಿದ್ರೆ ಏಳ್ತೀನಿ ಅಂತ ಮೊದ್ಲೇ ಅಂದಿದ್ನಲ್ಲಮ್ಮ" ಎಂದರು ಅಕ್ಕಯಮ್ಮ ನನ್ನ ಕಡೆ ನೋಡಿ.

"ಮತ್ತೆ ಯಾಕೆ ಸುಮ್ಮನಿದ್ರಿ ಅತ್ತೆ? ನಾನು ದಿನಾ ಬಳೆ ಆಡಿಸ್ಕೊಂಡು..."

"ನಿನ್ನ ಕೈ ಸುಟ್ಟಿದೆ ಅಂತ ಇವಳು ಹೇಳಿದ್ಲು. ನಂಗೆ ಗೊತ್ತಾಯ್ತು ಅಂದ್ರೆ ಆ ಸುಟ್ಟ ಕೈಲೇ ಒಲೆ ಮುಂದೆ ಹೋಗಿ ಕೂರ್ತಿದ್ದೆ ನೀನು. ನಿನ್ನ ಹಟ ನಂಗೆ ಗೊತ್ತಿಲ್ವಾ? ಅದಕ್ಕೇ ವೆಂಕಟೂಗೂ ಬಾಯಿ ಬಿಡಬೇಡ ಅಂದೆ." ಅತ್ತೆ ಕೈ ಚಾಚಿ ನನ್ನ ಬಲಗೈ ಹಿಡಿದು, ಗುಲಾಬಿ ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದರು. "ಆದ್ರೂ ನೀನು ಆ ಬಳೆ ಗಲಗಲ ಅನ್ನಿಸುವಾಗ ನಗದೇ ಇರೋದಿದೆಯಲ್ಲ, ಅದರ ಮುಂದೆ ಆಪರೇಷನ್ ಏನೂ ಅಲ್ಲ."

ನಾನು ನಮ್ಮವರ ಕಡೆ ತಿರುಗಿದೆ. ಅವರಿಗೂ ತಿಳಿದಿತ್ತು. ಜಯದೇವಿ ಸಿಸ್ಟರಿಗೂ, ಡಾಕ್ಟರಿಗೂ, ಎದುರು ಮಂಚದ ಮುದುಕಿಗೂ ತಿಳಿದಿತ್ತು. ಇಡೀ ವಾರ್ಡಿನಲ್ಲಿ ಕಣ್ಣುಪಟ್ಟಿ ಕಟ್ಟಿಸಿಕೊಂಡಿದ್ದವಳು ನಾನೊಬ್ಬಳೇ.

"ನೀವಾದ್ರೂ ಹೇಳಬಾರದಿತ್ತಾ?" ಎಂದೆ.

"ಅಭಿಪ್ರಾಯ ಕೇಳಿರಲಿಲ್ಲ" ಎಂದರು ಗುಮಾಸ್ತರು.

ಒಂದೇ ಒಂದು ಪ್ರಶ್ನೆ ಉಳಿದಿತ್ತು. ಎಲ್ಲರೂ ಸರಿದ ಮೇಲೆ ಬಗ್ಗಿ ಮೆಲ್ಲಗೆ ಕೇಳಿದೆ. "ಅತ್ತೆ, ಮಡಿ?"

ಅತ್ತೆ ಕೊಂಚ ಹೊತ್ತು ಸೂರು ನೋಡಿದರು. ಎರಡು ವರ್ಷದ ಮೇಲೆ ಅವರು ಒಂದು ಸೂರನ್ನು ತೊಲೆ ತೊಲೆಯಾಗಿ ನೋಡುತ್ತಿದ್ದರು. "ಯಾರೋ ಏನೋ, ನನ್ನ ಹಣೆ ಅಲ್ಲಾಡದ ಹಾಗೆ ಹಿಡ್ಕೊಂಡು, ಮಗೂಗೆ ಉಣಿಸೋ ಹಾಗೆ ಉಣಿಸಿದ್ಲು. ಅದರ ವಿಷಯ ನಾನೂ ದೇವರೂ ಮಾತಾಡ್ಕೋತೀವಿ. ನೀನು ಮಧ್ಯೆ ಬಾಯಿ ಹಾಕಬೇಡ."

ಆರು ವಾರದ ಮೇಲೆ ಕನ್ನಡಕಕ್ಕೆಂದು ಮತ್ತೆ ಆಸ್ಪತ್ರೆಗೆ ಹೋದೆವು. ಈ ಸಲ ಜಟಕಾದಲ್ಲಿ ಜಾಗವಿತ್ತು, ನಮ್ಮವರೂ ಕೂತರು. ಸೋಡಾ ಸೀಸೆಯ ತಳದಷ್ಟು ದಪ್ಪನೆಯ ಗಾಜಿನ ಕನ್ನಡಕ. ಅತ್ತೆ ಅದನ್ನು ಏರಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಓದಿದರು, ಗಡಿಯಾರ ಐದು ನಿಮಿಷ ಹಿಂದಿದೆ ಎಂದು ಜಯದೇವಿ ಸಿಸ್ಟರಿಗೆ ಹೇಳಿದರು. ಅದೇ ದಿನ ಅಕ್ಕಯಮ್ಮನೂ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಮಂಗಮ್ಮಜ್ಜಿಗೂ ಅಂಥದೇ ಕನ್ನಡಕ. ಎರಡು ಮುದುಕಿಯರೂ ಎದುರುಬದುರು ಕೂತು, ದೊಡ್ಡ ದೊಡ್ಡ ಕಣ್ಣುಗಳಿಂದ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಈಗ ನಗಲು ಯಾರ ಅಡ್ಡಿಯೂ ಇರಲಿಲ್ಲ.

ಡಾಕ್ಟರು ಚೀಟಿ ಬರೆಯುತ್ತಿದ್ದಾಗ ಅತ್ತೆ ಕೇಳಿದರು. "ಎಡಗಣ್ಣಿನ ಪೊರೆ ಯಾವಾಗ ತೆಗೀತೀರಿ ಡಾಕ್ಟ್ರೇ?"

ಡಾಕ್ಟರು ಪೆನ್ನು ನಿಲ್ಲಿಸಿದರು. ಒಂದು ಕಣ್ಣಿಗೆ ಎರಡು ವರ್ಷ ಸತಾಯಿಸಿದವರು ಇವರೇನಾ ಎಂಬಂತೆ ನೋಡಿ, "ಇನ್ನೊಂದು ನಾಲ್ಕು ತಿಂಗಳು ಹೋಗಲಿ. ಅವಸರ ಏನಿಲ್ಲ" ಎಂದರು.

"ಮಂಗಮ್ಮನದೂ ಎಡಗಣ್ಣು ಬಾಕಿ ಇದೆಯಂತೆ. ಇಬ್ಬರಿಗೂ ಒಂದೇ ದಿನ ಗೊತ್ತು ಮಾಡಿ. ಪಕ್ಕಪಕ್ಕದ ಮಂಚ ಕೊಡಿ. ಅಕ್ಕಯಮ್ಮ ಬರ್ತೀನಿ ಅಂದಿದಾಳೆ."

ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. "ನಾನೂ ಬರ್ತೀನಿ ಅತ್ತೆ. ಕೈ ಪೂರ್ತಿ ವಾಸಿಯಾಗಿದೆ. ಈ ಸಲ ಸೌದೆ ಒಲೇಲೇ ಮಾಡ್ತೀನಿ."

ಅತ್ತೆ ಹೊಸ ಕನ್ನಡಕದೊಳಗಿಂದ ನನ್ನನ್ನು ನಖಶಿಖಾಂತ ನೋಡಿದರು. ಬಹಳ ಪ್ರೀತಿಯಿಂದಲೇ ನೋಡಿದರು. ಆಮೇಲೆ ಕೆನ್ನೆ ತಟ್ಟಿ ಹೇಳಿದರು.

"ನೀನು ಯಾಕಮ್ಮ ದಣೀತೀಯ? ಮನೇಲೇ ಇದ್ದು ವೆಂಕಟೂಗೆ ಅಡಿಗೆ ಮಾಡಿ ಹಾಕ್ತಿರು. ಅವನಿಗೆ ಅಭ್ಯಾಸ ಆಗಿದೆ."